ಕನ್ನಡಿ ಇಲ್ಲದ ಕ್ಯಾಮರಾಕ್ಕೆ ಕನ್ನಡದಲ್ಲಿ ಏನಂತೀರಿ?

(ಗಡಿ ತಾಲೂಕುಗಳ ಯುವಕ ಯುವತಿಯರ ಫೋಟೋಗ್ರಫಿ ಶಿಬಿರದಲ್ಲಿ ಆಡಿದ ಮಾತುಗಳ ಬರಹರೂಪ)

ಬೆಳಗ್ಗೆ ಲೆನ್ಸ್ ಬದಲಿಸೋದನ್ನ ತೋರಿಸ್ತಾ ಇದ್ದಾಗ ಒಬ್ಬಳು ತಂಗಿ ಕೇಳಿದಳು: "ಅಣ್ಣಾ, ಈ ಮಿರರ್‌ಲೆಸ್‌ಗೆ ಕನ್ನಡದಲ್ಲಿ ಏನಂತಾರೆ?" ನಾವು ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಉತ್ತರ ಇರಲಿಲ್ಲ. ಅದಕ್ಕೇ ಊಟದ ನಂತರ ಈ ನಾಲ್ಕು ಮಾತು.

ಮೊದಲು ವಸ್ತು ಏನು ಅಂತ ನೋಡೋಣ. ಹಳೆಯ ಎಸ್‌ಎಲ್‌ಆರ್ ಕ್ಯಾಮರಾದಲ್ಲಿ ಲೆನ್ಸಿನ ಹಿಂದೆ 45 ಡಿಗ್ರಿ ಓರೆಯಾಗಿ ಒಂದು ಕನ್ನಡಿ ಇರುತ್ತೆ. ಬೆಳಕು ಅದಕ್ಕೆ ಬಡಿದು ಮೇಲಕ್ಕೆ ಹೋಗಿ, ನಮ್ಮ ಕಣ್ಣಿಗೆ ಬರುತ್ತೆ. ಗುಂಡಿ ಒತ್ತಿದಾಗ ಕನ್ನಡಿ ಮೇಲಕ್ಕೆ ಏಳುತ್ತೆ. ಆ 'ಟಪ್' ಸದ್ದಿನಲ್ಲಿ ಅದರದ್ದೂ ಪಾಲಿದೆ. ಹೊಸ ಕ್ಯಾಮರಾದಲ್ಲಿ ಆ ಕನ್ನಡಿಯನ್ನೇ ತೆಗೆದುಬಿಟ್ಟರು. ಬೆಳಕು ನೇರ ಸೆನ್ಸರ್ ಮೇಲೆ ಬೀಳುತ್ತೆ, ನಾವು ನೋಡೋದು ಪರದೆಯ ಮೇಲಿನ ಚಿತ್ರವನ್ನ. ಕನ್ನಡಿಗೆ ಜಾಗ ಬೇಡವಾದ್ದರಿಂದ ಲೆನ್ಸ್ ಹತ್ತಿರ ಬಂತು. ಕ್ಯಾನನ್‌ನ ಹಳೇ ಇಎಫ್ ಮೌಂಟಿನಿಂದ ಸೆನ್ಸರಿಗೆ 44 ಮಿ.ಮೀ. ದೂರ, ಹೊಸ ಆರ್‌ಎಫ್‌ನಲ್ಲಿ 20 ಮಿ.ಮೀ. ಅಷ್ಟೇ.

2008ರಲ್ಲಿ ಒಲಿಂಪಸ್ ಮತ್ತು ಪ್ಯಾನಸಾನಿಕ್ ಸೇರಿ ಮೈಕ್ರೋ ಫೋರ್ ಥರ್ಡ್ಸ್ ಅನ್ನೋ ಪದ್ಧತಿ ತಂದಾಗ, ಹೆಸರಿನ ಕಷ್ಟ ಇಂಗ್ಲಿಷಿನವರಿಗೂ ಬಂತು, ಗೊತ್ತಾ? ಕೆಲವರು ಎಲೆಕ್ಟ್ರಾನಿಕ್ ವ್ಯೂಫೈಂಡರ್, ಬದಲಿಸೋ ಲೆನ್ಸ್ ಅನ್ನೋದರ ಮೊದಲಕ್ಷರ ಹಿಡಿದು 'ಇವಿಲ್' ಅಂದರು. ಆ ಮಾತಿಗೆ ದುಷ್ಟ ಅಂತ ಅರ್ಥ! ಅದೂ ಅಲ್ಲದೆ 2009ರ ಒಲಿಂಪಸ್ ಇ-ಪಿ1ರಲ್ಲಿ ವ್ಯೂಫೈಂಡರೇ ಇರಲಿಲ್ಲ. ಇನ್ನು ಕೆಲವರು 'ಕಾಂಪ್ಯಾಕ್ಟ್ ಸಿಸ್ಟಮ್ ಕ್ಯಾಮರಾ' ಅಂದರು. ಆಮೇಲೆ ದೊಡ್ಡ ಗಾತ್ರದವೂ ಬಂದವು. ಪ್ಯಾನಸಾನಿಕ್ 'ಡಿಎಸ್‌ಎಲ್‌ಎಂ' ಅಂತು. ಕೊನೆಗೆ ಬಾಯಲ್ಲಿ ಉಳಿದದ್ದು ಮಿರರ್‌ಲೆಸ್.

ಅದೂ ಸರಿಯಾದ ಹೆಸರೇನಲ್ಲ. 1925ರ ಲೈಕಾದಲ್ಲೂ ಈ ಕನ್ನಡಿ ಇರಲಿಲ್ಲ, ನಿಮ್ಮ ಜೇಬಿನ ಫೋನಿನಲ್ಲೂ ಇಲ್ಲ. ಎಸ್‌ಎಲ್‌ಆರ್ ನೋಡೇ ಇಲ್ಲದ ಮಗು "ಕ್ಯಾಮರಾದೊಳಗೆ ಕನ್ನಡಿ ಯಾಕಿರಬೇಕು?" ಅಂತ ಕೇಳುತ್ತೆ. ಇರೋದನ್ನ ಬಿಟ್ಟು ಇಲ್ಲದ್ದರಿಂದ ಹೆಸರಿಡೋದು ಅಂದರೆ ಇದೇ. ನಮಗಿದು ಹೊಸದಲ್ಲ, ನಮ್ಮನ್ನೂ 'ಮಲಯಾಳಿಗಳಲ್ಲದವರು', 'ತಮಿಳರಲ್ಲದವರು' ಅಂತ ಗುರುತಿಸೋರಿದ್ದಾರಲ್ಲ.

ಸರಿ, 'ಕನ್ನಡಿಯಿಲ್ಲದ ಕ್ಯಾಮರಾ' ಅನ್ನೋಣವೇ? ಬೆಂಗಳೂರಲ್ಲಿ ಕೂತವರಿಗೆ ಸಲೀಸು. ನಮ್ಮ ಕಡೆ ತೊಡಕಿದೆ. ತಾಳವಾಡಿ, ಹೊಸೂರಿನ ಸುತ್ತ ಕೇಳೋ ತಮಿಳಿನಲ್ಲಿ 'ಕಣ್ಣಾಡಿ' ಅಂದರೆ ಮುಖ ನೋಡೋ ಕನ್ನಡಿಯೂ ಹೌದು, ಗಾಜೂ ಹೌದು, ಕನ್ನಡಕವೂ ಹೌದು. ಕಾಸರಗೋಡಿನ ಮಲಯಾಳದಲ್ಲೂ ಹಾಗೇ. ಪಕ್ಕದ ಮನೆಯವರು 'ಗಾಜಿಲ್ಲದ ಕ್ಯಾಮರಾ' ಅಂದುಕೊಂಡಾರು! 'ನೇರನೋಟದ ಕ್ಯಾಮರಾ' ಅನ್ನೋ ಸಲಹೆಯೂ ಬಂತು. ಆದರೆ ಇದರಲ್ಲಿ ಬೆಳಕು ನೇರ, ನೋಟ ಪರದೆಯದ್ದು. ಹೆಸರು ಸುಳ್ಳಾಗಬಾರದು.

ಜಪಾನಿನವರು ಏನು ಮಾಡಿದರು ನೋಡಿ. ಎಸ್‌ಎಲ್‌ಆರ್‌ಗೆ ಅವರು 'ಇಚಿಗನ್ ರೆಫು' ಅಂತಿದ್ದರು. ಇಚಿಗನ್ ಅಂದರೆ ಒಂದು ಕಣ್ಣು. ಕನ್ನಡಿ ಹೋದಮೇಲೆ ಇಂಗ್ಲಿಷಿನ ಮಿರರ್‌ಲೆಸ್ ತಗೊಂಡು, ತಮ್ಮ 'ಇಚಿಗನ್' ಪಕ್ಕದಲ್ಲಿ ಇಟ್ಟುಕೊಂಡರು. ಈ ಕ್ಯಾಮರಾ ಮಾಡೋರೇ ಅವರು, ಆದರೂ ಬೇರೆ ಮಾತನ್ನ ಬೆರೆಸೋಕೆ ನಾಚಲಿಲ್ಲ.

ನಾವೂ ಹೇಳೋದು ಇಷ್ಟೇ. ಹೆಸರು 'ಮಿರರ್‌ಲೆಸ್ ಕ್ಯಾಮರಾ' ಅಂತಲೇ ಇರಲಿ, ಕನ್ನಡ ಅಕ್ಷರದಲ್ಲಿ ಬರೆಯಿರಿ. ಅದರ ಒಳಗಿನ ಕತೆಯನ್ನ ಮಾತ್ರ ಕನ್ನಡದಲ್ಲೇ ಹೇಳಿ: ಕನ್ನಡಿ ಎಲ್ಲಿತ್ತು, ಯಾಕೆ ತೆಗೆದರು, ಬೆಳಕು ಹೇಗೆ ಬೀಳುತ್ತೆ ಅಂತ. ಶಾಲೆಯಲ್ಲಿ ಓದಿದ 'ಮಸೂರ' ನೆನಪಿದೆಯಾ? ಅದು ಚೆನ್ನಂಗಿ ಬೇಳೆಯ ಹೆಸರು. ಇಂಗ್ಲಿಷಿನ 'ಲೆನ್ಸ್' ಕೂಡ ಲ್ಯಾಟಿನ್‌ನಲ್ಲಿ ಅದೇ ಬೇಳೆ. ದೊಡ್ಡ ಶಾಸ್ತ್ರಕ್ಕೂ ಹೆಸರು ಅಡುಗೆಮನೆಯಿಂದಲೇ ಬಂತು.

ಹೆಸರು ಸಿಗಲಿಲ್ಲ ಅಂತ ಕೆಲಸದ ಮಾತನ್ನೇ ಬೇರೆ ಭಾಷೆಗೆ ಬಿಟ್ಟುಕೊಟ್ಟರೆ, ಕನ್ನಡ ಮನೆ ಮತ್ತು ಹಬ್ಬಕ್ಕಷ್ಟೇ ಉಳಿಯುತ್ತೆ. ನಮ್ಮ ಭಯ ಅದು.

ಇವತ್ತು ಊರಿಗೆ ಹೋದಮೇಲೆ ಮನೆಯ ಚಿಕ್ಕವರೊಬ್ಬರನ್ನ ಕೂರಿಸಿಕೊಂಡು, ಈ ಕ್ಯಾಮರಾ ಹೇಗೆ ಕೆಲಸ ಮಾಡುತ್ತೆ ಅಂತ ಕನ್ನಡದಲ್ಲಿ ಹೇಳಿಕೊಡಿ. ಎಲ್ಲಿ ಮಾತು ತಡವರಿಸಿತೋ ಬರೆದಿಟ್ಟುಕೊಳ್ಳಿ. ಮುಂದಿನ ಸಲ ಅಲ್ಲಿಂದಲೇ ಶುರು ಮಾಡೋಣ.