ಹದಿಹರೆಯದವರ ಕೈಯಲ್ಲಿ ಡ್ರೋನ್
(ಸಂಘದ ಚರ್ಚಾಕೂಟದಲ್ಲಿ ಮಾಡಿದ ಭಾಷಣದ ಬರಹರೂಪ)



ಈ ಸಂಜೆಯ ಚರ್ಚೆಗೆ ಒಂದು ಸಣ್ಣ ಹಿನ್ನೆಲೆಯಿದೆ. ರಾಜ್ಯೋತ್ಸವದ ಮೆರವಣಿಗೆಯನ್ನು ಈ ಸಲ ಆಕಾಶದಿಂದ ಚಿತ್ರಿಸಬೇಕೆಂದು ನಮ್ಮ ಯುವಕ ವಿಭಾಗದ ಹುಡುಗರು ಕಾರ್ಯಕಾರಿ ಸಮಿತಿಗೆ ಅರ್ಜಿ ಕೊಟ್ಟರು. ಡ್ರೋನ್ ಅವರಲ್ಲಿಯೇ ಇದೆ, ಹಾರಿಸುವವರೂ ಅವರೇ. ಎಲ್ಲರೂ ಹದಿನಾಲ್ಕರಿಂದ ಹದಿನೇಳರ ಒಳಗಿನವರು. ಸಮಿತಿಯಲ್ಲಿ ಎರಡು ಪಕ್ಷವಾಯಿತು. "ಇದೇನು ಬುಗುರಿಯೇ, ಮಕ್ಕಳ ಕೈಗೆ ಕೊಡಲು?" ಎಂದು ಒಂದು ಪಕ್ಷ. "ನಮ್ಮ ಫೋನು ಕೆಟ್ಟರೆ ಸರಿಮಾಡಿಕೊಡುವವರು ಆ ಮಕ್ಕಳೇ ಅಲ್ಲವೆ?" ಎಂದು ಇನ್ನೊಂದು. ತೀರ್ಮಾನವಾಗದ ಸಂಗತಿಗಳೆಲ್ಲ ನಮ್ಮಲ್ಲಿ ಚರ್ಚಾಕೂಟಕ್ಕೆ ಬರುವುದು ವಾಡಿಕೆ, ಇದೂ ಬಂತು. ಮೊದಲು ಮಾತಾಡಲು ನನ್ನನ್ನು ನಿಲ್ಲಿಸಿದ್ದಾರೆ.

ನನ್ನ ಯೋಗ್ಯತೆಯೇನೆಂದು ತಾವು ಕೇಳಬಹುದು. ನಮ್ಮ ದೇಶದ 2021ರ ಡ್ರೋನ್ ನಿಯಮಗಳ ಪ್ರಕಾರ ಡ್ರೋನ್ ಚಾಲಕನ ಪ್ರಮಾಣಪತ್ರ ಪಡೆಯುವವನಿಗೆ ಹದಿನೆಂಟು ತುಂಬಿರಬೇಕು, ಅರವತ್ತೈದು ಮೀರಿರಬಾರದು. ಹತ್ತನೆಯ ತರಗತಿ ಪಾಸಾಗಿರಬೇಕು. ಮನ್ನಣೆ ಪಡೆದ ಶಾಲೆಯಲ್ಲಿ ತರಬೇತಿ ಮುಗಿಸಿರಬೇಕು. ನನ್ನ ಮೊಮ್ಮಗನಿಗೆ ಹದಿನಾರು, ನನಗೆ ಅರವತ್ತೆಂಟು. ಅವನು ಇನ್ನೂ ಮುಂಬಾಗಿಲಿಗೆ ಬಂದಿಲ್ಲ. ನಾನು ಹಿತ್ತಿಲ ಬಾಗಿಲಿನಿಂದ ಹೊರಗೆ ಹೋಗಿಯಾಗಿದೆ. ಈ ವಿಷಯದಲ್ಲಿ ನಾವಿಬ್ಬರೂ ಸಮಾನ ಅಯೋಗ್ಯರು.

ಆದರೆ ಇಲ್ಲೊಂದು ಸೂಕ್ಷ್ಮವಿದೆ. ಎರಡು ಕಿಲೋ ತೂಕದ ಒಳಗಿನ ಡ್ರೋನನ್ನು ವ್ಯಾಪಾರಕ್ಕಲ್ಲದೆ ಹವ್ಯಾಸಕ್ಕೆ ಹಾರಿಸುವವರಿಗೆ ಈ ಪ್ರಮಾಣಪತ್ರ ಬೇಕಾಗಿಲ್ಲ. 2022ರ ತಿದ್ದುಪಡಿ ಇದನ್ನು ಸ್ಪಷ್ಟಪಡಿಸಿತು. ಹುಡುಗರ ಕೈಯಲ್ಲಿರುವ ಯಂತ್ರಗಳು ಇನ್ನೂರೈವತ್ತು ಗ್ರಾಂ ಕೂಡ ತೂಗುವುದಿಲ್ಲ. ಅಂದರೆ ನಾವು ಯಾವ ಡ್ರೋನಿನ ಬಗ್ಗೆ ಇಷ್ಟು ತಲೆ ಕೆಡಿಸಿಕೊಂಡಿದ್ದೇವೆಯೋ ಅದನ್ನು ಹಾರಿಸುವವನಿಗೆ ಬುದ್ಧಿ ಬಲಿತಿದೆಯೇ ಎಂದು ಸರಕಾರ ಪರೀಕ್ಷಿಸುವುದಿಲ್ಲ. ಆ ಪರೀಕ್ಷೆಯನ್ನು ಮನೆಯವರೇ ಮಾಡಬೇಕು. ಮನೆಯವರು ಅದನ್ನು ಹೇಗೆ ಮಾಡುತ್ತಾರೆಂಬುದಕ್ಕೆ ನನ್ನದೇ ಉದಾಹರಣೆ ಕೊಡುತ್ತೇನೆ.

ಮೊಮ್ಮಗ ಹತ್ತನೆಯ ತರಗತಿಯಲ್ಲಿ ಒಳ್ಳೆಯ ಗುಣಗಳನ್ನು ಪಡೆದ. ಏನು ಬೇಕು ಎಂದೆ. "ಡ್ರೋನ್ ಬೇಕು, ಅಜ್ಜ" ಎಂದ. ನಾನೇ ಪೇಟೆಗೆ ಹೋಗಿ ಕೊಡಿಸಿದೆ. ನಮ್ಮ ಮನೆ ಘಾಟ್ಕೋಪರಿನಲ್ಲಿ. ಕಟ್ಟಡದ ಗಚ್ಚಿಯ ಮೇಲೆ ನಿಂತು ಅವನು ಅದನ್ನು ಮೊದಲ ಸಲ ಮೇಲಕ್ಕೆ ಬಿಟ್ಟಾಗ ನಾನು ಚಪ್ಪಾಳೆ ತಟ್ಟಿದೆ. ಆ ಹೊತ್ತಿಗೆ ನಮ್ಮ ತಲೆಯ ಮೇಲೆಯೇ ಒಂದು ವಿಮಾನ ಇಳಿಯುತ್ತಿತ್ತು. ಘಾಟ್ಕೋಪರಿನವರಿಗೆ ಇದು ದಿನದ ನೋಟ. ಇಳಿಯುವ ವಿಮಾನದ ಚಕ್ರಗಳನ್ನು ನಾವು ಕೂತಲ್ಲಿಂದಲೇ ಎಣಿಸಬಹುದು. ವಿಮಾನನಿಲ್ದಾಣದ ಎಲ್ಲೆಯಿಂದ ಐದು ಕಿಲೋಮೀಟರಿನವರೆಗೆ ಕೆಂಪು ವಲಯ, ಅಲ್ಲಿ ಕೇಂದ್ರ ಸರಕಾರದ ಅನುಮತಿಯಿಲ್ಲದೆ ಯಾವ ಡ್ರೋನನ್ನೂ ಹಾರಿಸಕೂಡದು ಎಂಬುದು ನನಗೆ ತಿಳಿದಿರಲಿಲ್ಲ. ಕುರ್ಲಾ, ಸಾಂತಾಕ್ರೂಜ್, ಅಂಧೇರಿ, ನಮ್ಮ ಘಾಟ್ಕೋಪರ್ ಎಲ್ಲವೂ ಅದರೊಳಗೇ ಬರುತ್ತವೆ. ಮೇಲಾಗಿ ಮುಂಬಯಿ ಪೊಲೀಸರು ಆಗಾಗ ಆಜ್ಞೆ ಹೊರಡಿಸಿ ಊರಿನ ಮೇಲೆ ಇಂಥವುಗಳ ಹಾರಾಟವನ್ನೇ ನಿಷೇಧಿಸುತ್ತಾರೆ. ಗಚ್ಚಿಯ ಮೇಲೆ ಅಂದು ಹೊಣೆಗೇಡಿಯಾಗಿದ್ದವರು ಯಾರು? ಹದಿಹರೆಯದವನಂತೂ ಅಲ್ಲ.

ಇಷ್ಟಕ್ಕೇ ಮುಗಿದಿದ್ದರೆ ನಗುತ್ತ ಹೇಳಿ ಕೂಡಬಹುದಿತ್ತು. ಮುಗಿಯಲಿಲ್ಲ. ಒಂದು ಭಾನುವಾರ ಅವನ ಮೂವರು ಗೆಳೆಯರು ಬಂದರು. ನಾನು ಕೆಳಗೆ ಪತ್ರಿಕೆ ಓದುತ್ತಿದ್ದೆ. ಎದುರು ಕಟ್ಟಡದ ಮೂರನೆಯ ಮಾಳಿಗೆಯಲ್ಲಿ ಒಬ್ಬ ವಯಸ್ಸಾದ ಗುಜರಾತಿ ತಾಯಿ ಇದ್ದಾರೆ. ತಲೆಗೆ ನೀರು ಹಾಕಿಕೊಂಡು, ಸೆರಗು ಬಿಟ್ಟು, ಬಾಲ್ಕನಿಯ ಬಿಸಿಲಿನಲ್ಲಿ ಕೂದಲು ಆರಿಸಿಕೊಳ್ಳುತ್ತಿದ್ದರು. "ಹತ್ತಿರ ಬಿಡೋ, ಇನ್ನೂ ಹತ್ತಿರ" ಎಂದು ಗೆಳೆಯರು, ಇವನು ಬಿಟ್ಟ. ಅವರು ಗಾಬರಿಯಾಗಿ ಒಳಗೆ ಓಡಿದ್ದೂ ಚಿತ್ರದಲ್ಲಿ ಬಂತು. ಗೆಳೆಯರಲ್ಲೊಬ್ಬ ಅದಕ್ಕೆ ನಗೆಯ ಸಂಗೀತ ಹಚ್ಚಿ ಶಾಲೆಯ ಸಂಗಾತಿಗಳ ವಾಟ್ಸಾಪ್ ಗುಂಪಿಗೆ ಕಳಿಸಿದ. ಸಂಜೆಯೊಳಗೆ ಅದು ಆ ತಾಯಿಯ ಮೊಮ್ಮಗಳ ಫೋನಿಗೇ ಬಂದು ಮುಟ್ಟಿತು.

ಕೇಳಿದಾಗ ನಮ್ಮ ಹುಡುಗ, "ನಾನು ಹಾರಿಸಿದೆ ಅಷ್ಟೇ ಅಜ್ಜ, ಕಳಿಸಿದವನು ಅವನು" ಎಂದ. ಆ "ಅಷ್ಟೇ" ಎಂಬ ಮಾತಿಗೆ ನನಗೆ ಸಿಟ್ಟು ಬಂತು. ರಾತ್ರಿ ನಮ್ಮ ಮನೆಯಾಕೆ ನನ್ನನ್ನು ತರಾಟೆಗೆ ತೆಗೆದುಕೊಂಡಾಗ ನಾನು ಹೇಳಿದ್ದೇನು ಗೊತ್ತೆ? "ನಾನು ಕೊಡಿಸಿದೆ ಅಷ್ಟೇ."

ಮರುದಿನ ಬೆಳಗ್ಗೆ ಅವನು ಯಾರೂ ಹೇಳದೆ ತನ್ನ ಅಜ್ಜಿಯನ್ನು ಕರೆದುಕೊಂಡು ಎದುರು ಮನೆಗೆ ಹೋಗಿ ತಪ್ಪೊಪ್ಪಿಕೊಂಡು ಬಂದ. ಭಾನುವಾರದ ಹುಡುಗನಿಗೂ ಸೋಮವಾರದ ಹುಡುಗನಿಗೂ ವಯಸ್ಸಿನಲ್ಲಿ ಒಂದು ದಿನದ ಅಂತರ. ಹಾಗಾದರೆ ಅವನಿಗೆ ಬುದ್ಧಿ ಬಲಿತಿದೆಯೇ, ಇಲ್ಲವೇ?

ಈ ಗೊಂದಲಕ್ಕೆ ಮನಶ್ಶಾಸ್ತ್ರಜ್ಞರು ಒಂದು ಬೆಳಕು ತೋರಿಸಿದ್ದಾರೆ. ಅಮೆರಿಕದಲ್ಲಿ ಗಾರ್ಡನರ್ ಮತ್ತು ಸ್ಟೈನ್‌ಬರ್ಗ್ ಎಂಬಿಬ್ಬರು 2005ರಲ್ಲಿ ಒಂದು ಪ್ರಯೋಗವನ್ನು ಪ್ರಕಟಿಸಿದರು. ಕಂಪ್ಯೂಟರಿನ ಪರದೆಯ ಮೇಲೆ ಕಾರು ಓಡಿಸುವ ಆಟ. ಹಳದಿ ದೀಪ ಬಿದ್ದ ಮೇಲೆ ನಿಲ್ಲಿಸುವುದೋ, ಇನ್ನಷ್ಟು ದೂರ ನುಗ್ಗುವುದೋ ಆಡುವವನಿಗೆ ಬಿಟ್ಟದ್ದು. ಹದಿಮೂರರಿಂದ ಹದಿನಾರರ ಮಕ್ಕಳು ಒಂಟಿಯಾಗಿ ಆಡಿದಾಗ ಹೆಚ್ಚುಕಡಿಮೆ ದೊಡ್ಡವರಂತೆಯೇ ಆಡಿದರು. ಓರಗೆಯವರು ಪಕ್ಕದಲ್ಲಿ ಕೂತೊಡನೆ ಅವರ ನುಗ್ಗಾಟ ಬಹಳ ಹೆಚ್ಚಿತು. ಇಪ್ಪತ್ನಾಲ್ಕು ದಾಟಿದವರಲ್ಲಿ ಪಕ್ಕದಲ್ಲಿ ಯಾರು ಕೂತರೂ ಅಂಥ ವ್ಯತ್ಯಾಸ ಕಾಣಲಿಲ್ಲ. ನಮ್ಮ ಗಚ್ಚಿಯ ಮೇಲೆ ನಡೆದದ್ದೂ ಇದೇ. ಆದುದರಿಂದ ಹುಡುಗನ ವಯಸ್ಸನ್ನು ಕೇಳುವಾಗಲೇ ಅವನ ಪಕ್ಕದಲ್ಲಿ ನಿಂತವರು ಯಾರೆಂಬುದನ್ನೂ ಕೇಳಬೇಕೆಂದು ನನ್ನ ವಾದ.

ವಿಮಾನ ಕಲಿಸುವವರಿಗೆ ಇದು ಹಿಂದಿನಿಂದ ತಿಳಿದ ಸಂಗತಿ. ನಮ್ಮಲ್ಲಿ ಹದಿನಾರು ತುಂಬಿದವನಿಗೆ ವಿಮಾನ ಕಲಿಯುವ ವಿದ್ಯಾರ್ಥಿಯ ಪರವಾನಗಿ ಸಿಗುತ್ತದೆ. ಹದಿನೇಳಕ್ಕೆ ಖಾಸಗಿ ವೈಮಾನಿಕನಾಗಬಹುದು. ಆದರೆ ಮೊದಮೊದಲು ಪಕ್ಕದಲ್ಲಿ ಗುರು ಕೂತಿರುತ್ತಾನೆ. 1930ರಲ್ಲಿ ಆಗಾ ಖಾನರು ಇಂಗ್ಲೆಂಡ್ ಮತ್ತು ಭಾರತದ ನಡುವೆ ಒಂಟಿಯಾಗಿ ಹಾರುವ ಭಾರತೀಯನಿಗೆ ಬಹುಮಾನವಿಟ್ಟಾಗ ಗೆದ್ದವನು ಹದಿನೇಳು ವಯಸ್ಸಿನ ಆಸ್ಪಿ ಇಂಜಿನಿಯರ್. ನಮ್ಮ ಮುಂಬಯಿಯ ಜೆ. ಆರ್. ಡಿ. ಟಾಟಾ ಅವರು ಎದುರು ದಿಕ್ಕಿನಿಂದ, ಕರಾಚಿಯಿಂದ ಹೊರಟಿದ್ದರು. ದಾರಿಯಲ್ಲಿ ಈಜಿಪ್ಟಿನ ಅಬೂಕಿರಿನಲ್ಲಿ ಇಬ್ಬರೂ ಸಂಧಿಸಿದರು. ಹುಡುಗನ ಎಂಜಿನ್ನಿಗೆ ಸ್ಪಾರ್ಕ್ ಪ್ಲಗ್ಗು ಬೇಕಾಗಿತ್ತು. ಟಾಟಾ ತಮ್ಮಲ್ಲಿದ್ದುದನ್ನು ಕೊಟ್ಟರು, ಪಂದ್ಯವನ್ನೂ ಸೋತರು. ಆ ಹುಡುಗನೇ 1960ರಲ್ಲಿ ನಮ್ಮ ವಾಯುಪಡೆಯ ಮುಖ್ಯಸ್ಥನಾದ. ಈ ಕತೆಯನ್ನು ಹೇಳುವವರು ಸಾಮಾನ್ಯವಾಗಿ ಮರೆಯುವ ಒಂದು ಅಂಶವಿದೆ: ಅದೇ ವರ್ಷ, ಒಂಟಿಯಾಗಿ ಹಾರುವ ಮೊದಲು, ಆಸ್ಪಿ ಆರ್. ಎನ್. ಚಾವ್ಲಾ ಎಂಬವರ ಜೊತೆಗೆ ಭಾರತದಿಂದ ಇಂಗ್ಲೆಂಡಿಗೆ ಒಮ್ಮೆ ಹಾರಿದ್ದ. ದಾರಿ ನೋಡಿಕೊಂಡವನು ಹಿಂದಿರುಗಿ ಒಂಟಿಯಾಗಿ ಬಂದ.

ಇನ್ನು ಹದಿನೆಂಟು ತುಂಬಿದರೆ ಎಲ್ಲವೂ ಸರಿಹೋಗುತ್ತದೆ ಎನ್ನುವ ಮಿತ್ರರಿಗೆ ಒಂದು ಮಾತು. 2025ರ ಜನವರಿಯಲ್ಲಿ ಲಾಸ್ ಏಂಜಲೀಸ್ ಬಳಿಯ ಕಾಳ್ಗಿಚ್ಚಿನ ಮೇಲೆ ನೀರು ಸುರಿಯುತ್ತಿದ್ದ ವಿಮಾನವೊಂದಕ್ಕೆ ಡ್ರೋನ್ ಬಡಿದು ರೆಕ್ಕೆಗೆ ತೂತು ಬಿತ್ತು. ಊರು ಉರಿಯುತ್ತಿರುವಾಗ ಆ ವಿಮಾನ ದಿನಗಟ್ಟಲೆ ನೆಲದ ಮೇಲೆ ನಿಂತಿತು. ಬೆಂಕಿಯನ್ನು ನೋಡಬೇಕೆಂದು ಡ್ರೋನನ್ನು ಕಣ್ಣಿಗೆ ಕಾಣದಷ್ಟು ದೂರ ಬಿಟ್ಟಿದ್ದವನ ವಯಸ್ಸು ಐವತ್ತಾರು. ಪಕ್ಕದಲ್ಲಿ ಗೆಳೆಯರ ಪ್ರಚೋದನೆಯೂ ಬೇಕಾಗಲಿಲ್ಲ!

ನಾವು ಚಿಕ್ಕವರಿದ್ದಾಗ ಇದೇ ಗಚ್ಚಿಗಳ ಮೇಲೆ ಸಂಕ್ರಾಂತಿಗೆ ಗಾಳಿಪಟ ಹಾರಿಸಿದೆವು. ಅದೂ ನಿರುಪದ್ರವಿಯಾಗಿರಲಿಲ್ಲ, ಹಕ್ಕಿಗಳ ರೆಕ್ಕೆ ಕತ್ತರಿಸಿದ ಪಾಪ ನಮ್ಮ ಮಾಂಜಾದ್ದು. ಆದರೆ ಗಾಳಿಪಟಕ್ಕೆ ಕಣ್ಣಿರಲಿಲ್ಲ. ಈಚೆಗೆ ತರಕಾರಿಯವನ ಬಳಿ ಸಿಕ್ಕಾಗ ಆ ಗುಜರಾತಿ ತಾಯಿ ನಮ್ಮ ಮನೆಯಾಕೆಗೆ ಹೇಳಿದರಂತೆ: "ಹುಡುಗನ ಮೇಲೆ ನನಗೆ ಕೋಪವಿಲ್ಲ. ಆದರೆ ನಲವತ್ತು ವರ್ಷ ಆ ಬಾಲ್ಕನಿಯಲ್ಲಿ ಕೂತವಳು ನಾನು, ಈಗ ಮೊದಲು ಆಕಾಶ ನೋಡಿ ಕೂಡುತ್ತೇನೆ." ಇದಕ್ಕೆ ಏನು ಪರಿಹಾರ ಕೊಡಬೇಕೋ ನನಗೆ ತಿಳಿಯದು.

ಸಮಿತಿಯ ಮುಂದಿರುವ ಅರ್ಜಿಗೆ ಬರುತ್ತೇನೆ. ಮೆರವಣಿಗೆಯ ಮೇಲೆ ಡ್ರೋನ್ ಬೇಡ. ಹುಡುಗರ ಮೇಲಿನ ಅವಿಶ್ವಾಸದಿಂದ ಹೀಗೆನ್ನುತ್ತಿಲ್ಲ. ನಮ್ಮ ಬೀದಿ ಕೆಂಪು ವಲಯದಲ್ಲಿದೆ, ಕೆಳಗೆ ಜನಜಂಗುಳಿ ಇರುತ್ತದೆ, ಐವತ್ತು ವಯಸ್ಸಿನವರು ಹಾರಿಸಿದರೂ ಅದು ತಪ್ಪೇ. ಆದರೆ ಅರ್ಜಿಯನ್ನು ತಿರಸ್ಕರಿಸಿ ಕೈತೊಳೆದುಕೊಳ್ಳುವುದೂ ಬೇಡ. ಹಾಗೆ ಮಾಡಿದರೆ ಅವರು ಮತ್ತೆ ಗಚ್ಚಿಗೇ ಹೋಗುತ್ತಾರೆ. ಡಿಸೆಂಬರಿನಲ್ಲಿ ಕರ್ಜತ್ ಕಡೆಗೆ ಹೋಗುವ ನಮ್ಮ ವನಭೋಜನದ ದಿನ, ಸರಕಾರದ ಡಿಜಿಟಲ್ ಸ್ಕೈ ನಕ್ಷೆಯಲ್ಲಿ ಹಸಿರು ವಲಯವೆಂದು ತೋರಿಸಿರುವ ಬಯಲನ್ನು ಹುಡುಗರೇ ಹುಡುಕಲಿ. ಒಮ್ಮೆಗೆ ಒಬ್ಬನೇ ಹಾರಿಸಲಿ. ಪಕ್ಕದಲ್ಲಿ ಒಬ್ಬ ಹಿರಿಯರು ಆಕಾಶ ನೋಡುತ್ತ ನಿಲ್ಲಲಿ. ಗೆಳೆಯರು ಊಟದ ಹತ್ತಿರ ಇರಲಿ. ಸೆರೆಹಿಡಿದ ಚಿತ್ರವನ್ನು ಅದರಲ್ಲಿ ಕಾಣುವವರಿಗೆ ಮೊದಲು ತೋರಿಸಿ, ಅವರು ಒಪ್ಪಿದ ಮೇಲೆಯೇ ಬೇರೆಯವರಿಗೆ ಕಳಿಸಲಿ.

ಹುಡುಗರ ಪಟ್ಟಿ ಈಗಲೇ ತುಂಬಿದೆ, ನಾಲ್ವರು ಹುಡುಗರು, ಇಬ್ಬರು ಹುಡುಗಿಯರು. ಪಕ್ಕದಲ್ಲಿ ನಿಲ್ಲುವ ಹಿರಿಯರಲ್ಲಿ ಸದ್ಯಕ್ಕೆ ನನ್ನ ಹೆಸರೊಂದೇ ಇದೆ, ನನ್ನ ಕಣ್ಣಿನ ಪೊರೆಯ ಶಸ್ತ್ರಚಿಕಿತ್ಸೆ ಇನ್ನೂ ಆಗಿಲ್ಲ. ಕಣ್ಣು ಚೆನ್ನಾಗಿರುವ ಇಬ್ಬರು ಇಂದೇ ಕಾರ್ಯದರ್ಶಿಗಳ ಬಳಿ ಹೆಸರು ಕೊಟ್ಟರೆ ಉಪಕಾರವಾದೀತು.