ಮಕ್ಕಳು ವಿಶ್ವವಿದ್ಯಾಲಯ ಸೇರಿದ ಮೊದಲ ವರ್ಷ

(ಬ್ಲಾಕಿನ ರೈತರ ಸಭೆಯಲ್ಲಿ ನಿವೃತ್ತ ಕೃಷಿ ಅಧ್ಯಾಪಕರೊಬ್ಬರು ಮಾಡಿದ ಭಾಷಣ)



ಬೀಜ ಗೊಬ್ಬರಗಳ ವಿಷಯ ಕೇಳಬೇಕೆಂದು ನೀವು ಬಂದಿದ್ದೀರಿ. ಈ ಹೊತ್ತು ನಾನು ನಿಮ್ಮ ಮಕ್ಕಳ ವಿಷಯವನ್ನು ಎತ್ತಿಕೊಂಡಿದ್ದೇನೆ. ಈ ವರ್ಷ ನಿಮ್ಮಲ್ಲಿ ಕೆಲವರ ಮಕ್ಕಳು ಪಿ.ಯು.ಸಿ. ಮುಗಿಸಿ ವಿಶ್ವವಿದ್ಯಾಲಯದ ಓದಿಗೆ ಪಟ್ಟಣ ಸೇರಿದ್ದಾರೆ. ಹಾಸಿಗೆ, ಪೆಟ್ಟಿಗೆ ಕಟ್ಟಿಕೊಟ್ಟು ಬಸ್ಸು ಹತ್ತಿಸಿದ್ದೀರಿ. ಅಲ್ಲಿಗೆ ನಮ್ಮ ಕೆಲಸ ಮುಗಿಯಿತೆಂದು ತಿಳಿಯಬಾರದು. ಇರುವುದರಲ್ಲೆಲ್ಲ ಮೊದಲ ವರ್ಷವೇ ಕಷ್ಟದ ವರ್ಷ.

ಕೃಷಿ ಪದವಿಯ ಓದು ನಾಲ್ಕು ವರ್ಷದ್ದು. ಕೊನೆಯ ವರ್ಷದಲ್ಲಿ ವಿದ್ಯಾರ್ಥಿಗಳು ಹಳ್ಳಿಗಳಿಗೆ ಬಂದು ತಂಗಿ ರೈತರೊಡನೆ ಕೆಲಸ ಮಾಡುತ್ತಾರೆ. ಅವರು ಸಭೆಯಲ್ಲಿ ಎದ್ದು ನಿಂತು ಧೈರ್ಯವಾಗಿ ಮಾತನಾಡುವುದನ್ನು ನೀವು ನೋಡಿರಬಹುದು. ಮೊದಲ ವರ್ಷ ಅವರಲ್ಲಿ ಎಷ್ಟೋ ಮಂದಿ ರಾತ್ರಿ ಹೊದಿಕೆಯೊಳಗೆ ಅತ್ತವರೇ. ನಾನೂ ಅತ್ತವನೇ.

ನಾನು ಮಂಡ್ಯದ ಕಡೆಯ ಹಳ್ಳಿಯವನು. ಹತ್ತನೆಯ ತರಗತಿಯವರೆಗೆ ಕನ್ನಡದಲ್ಲಿ ಓದಿದವನು. ಬೆಂಗಳೂರಿನ ಕಾಲೇಜಿನಲ್ಲಿ ಪಾಠವೆಲ್ಲ ಇಂಗ್ಲಿಷಿನಲ್ಲಿ. ಮೊದಲ ಪರೀಕ್ಷೆಯಲ್ಲಿ ದ್ವಿದಳ ಬೆಳೆಗಳ ಬೇರಿನ ಗಂಟುಗಳ ಮೇಲೆ ಒಂದು ಪ್ರಶ್ನೆ ಬಂದಿತ್ತು. ಆ ಗಂಟುಗಳನ್ನು ನಾನು ಚಿಕ್ಕಂದಿನಿಂದ ಅವರೆ, ಅಲಸಂದೆ ಗಿಡಗಳಲ್ಲಿ ನೋಡಿದ್ದೆ. ಅವು ಇದ್ದ ಹೊಲದಲ್ಲಿ ಮುಂದಿನ ರಾಗಿ ಚೆನ್ನಾಗಿ ಬರುತ್ತದೆಂಬುದೂ ಗೊತ್ತಿತ್ತು. ಆದರೆ ಪ್ರಶ್ನೆಯಲ್ಲಿದ್ದ ಇಂಗ್ಲಿಷ್ ಮಾತುಗಳು ಅದನ್ನೇ ಹೇಳುತ್ತವೆಂದು ತಿಳಿಯಲಿಲ್ಲ. ಉತ್ತರದ ಜಾಗವನ್ನು ಖಾಲಿ ಬಿಟ್ಟೆ. ಮೂವತ್ತಕ್ಕೆ ಒಂಬತ್ತು ಅಂಕ ಬಂತು. ದಸರೆಯ ರಜೆಗೆ ಊರಿಗೆ ಬಂದವನು ಪೆಟ್ಟಿಗೆಯನ್ನೂ ಹೊತ್ತು ತಂದಿದ್ದೆ, ಮತ್ತೆ ಹೋಗಬಾರದೆಂದು.

ನಮ್ಮ ತಾಯಿಗೆ ಒಳಗೊಳಗೇ ಸಂತೋಷವಾಯಿತು. ತಂದೆಯವರು ಬೈಯಲಿಲ್ಲ. ಬೆಳಿಗ್ಗೆ ಗದ್ದೆಗೆ ಕರೆದುಕೊಂಡು ಹೋದರು. ಪೈರು ಹಸಿರಾಗಿ ನಿಂತಿತ್ತು. "ನಾಟಿ ಆದ ವಾರದಲ್ಲಿ ಇದನ್ನ ನೋಡಿದ್ದರೆ, ಪೈರು ಹೋಯಿತು ಅಂತ ನೀನೇ ಅಂತಿದ್ದೆ ಮಗ," ಎಂದರು. ಆಮೇಲೆ, "ಯುಗಾದಿವರೆಗೆ ಇದ್ದು ನೋಡು. ಆಗಲೂ ಬೇಡ ಅನ್ನಿಸಿದರೆ ಬಾ. ನೇಗಿಲು ಎಲ್ಲೂ ಹೋಗಲ್ಲ," ಎಂದರು. ಅಷ್ಟೇ ಮಾತು.

ಆ ಮಾತಿನ ಬೆಲೆ ನನಗೆ ತಿಳಿದದ್ದು ನಾನೇ ಅಧ್ಯಾಪಕನಾದ ಮೇಲೆ. 'ಹೋಗಲೇಬೇಕು' ಎಂದಿದ್ದರೆ ನಾನು ಹೆದರುತ್ತಿದ್ದೆ. 'ಬಂದುಬಿಡು' ಎಂದಿದ್ದರೆ ಓದು ಅಲ್ಲಿಗೇ ನಿಲ್ಲುತ್ತಿತ್ತು. ಅವರು ನನಗೊಂದು ಗಡುವು ಕೊಟ್ಟರು, ಮನೆಯ ಬಾಗಿಲನ್ನೂ ತೆರೆದಿಟ್ಟರು. ಒಟ್ಲಿನಿಂದ ಕಿತ್ತ ಸಸಿ ಬೇರು ಹಿಡಿಯಲು ವಾರ, ಹತ್ತು ದಿನ ಬೇಕು. ಅಷ್ಟರಲ್ಲಿ ಎಲೆ ಹಳದಿಯಾಯಿತೆಂದು ಯಾವ ರೈತನೂ ಪೈರು ಕಿತ್ತು ಹಾಕುವುದಿಲ್ಲ.

ಕಾಲೇಜಿಗೆ ಹಿಂತಿರುಗಿ ನನ್ನ ಸಲಹೆಗಾರ ಅಧ್ಯಾಪಕರ ಬಳಿಗೆ ಹೋದೆ. ಕೃಷಿ ಕಾಲೇಜುಗಳಲ್ಲಿ ಪ್ರತಿ ವಿದ್ಯಾರ್ಥಿಗೂ ಇಂಥ ಒಬ್ಬ ಅಧ್ಯಾಪಕರನ್ನು ಗೊತ್ತು ಮಾಡಿರುತ್ತಾರೆ. ಪುಸ್ತಕದ ಹಾಳೆಯ ನಡುವೆ ಗೆರೆ ಎಳೆದು, ಒಂದು ಕಡೆ ಇಂಗ್ಲಿಷ್ ಮಾತು, ಇನ್ನೊಂದು ಕಡೆ ನಮ್ಮೂರಿನ ಮಾತು ಬರೆದುಕೊಳ್ಳಲು ಅವರು ಹೇಳಿದರು. ನಾಳೆಯ ಪಾಠವನ್ನು ಇಂದೇ ಒಮ್ಮೆ ಓದಿಕೊಂಡು ಬರಲು ಹೇಳಿದರು. ಮುಂದಿನ ಪರೀಕ್ಷೆಯಲ್ಲಿ ಹದಿನೇಳು ಅಂಕ ಬಂತು. ಅದೇನೂ ದೊಡ್ಡ ಅಂಕವಲ್ಲ. ಆದರೆ ಯುಗಾದಿಗೆ ಊರಿಗೆ ಬಂದಾಗ ಪೆಟ್ಟಿಗೆಯನ್ನು ಹಾಸ್ಟೆಲಿನಲ್ಲೇ ಬಿಟ್ಟು ಬಂದಿದ್ದೆ.

ಈಗ ತಂದೆತಾಯಂದಿರು ಮಾಡಬೇಕಾದ ಕೆಲವು ಕೆಲಸಗಳನ್ನು ಹೇಳುತ್ತೇನೆ.

ಮೊದಲನೆಯದು. ಫೋನಿನಲ್ಲಿ 'ಅಂಕ ಎಷ್ಟು' ಎಂದು ಕೇಳುವ ಮೊದಲು 'ಊಟ ಹೇಗಿದೆ, ಯಾರ ಜೊತೆ ಊಟ ಮಾಡುತ್ತೀಯ' ಎಂದು ಕೇಳಿ. ಜೊತೆಗೆ ಉಣ್ಣುವ ಒಬ್ಬ ಗೆಳೆಯ ಸಿಕ್ಕರೆ ಅರ್ಧ ಕಷ್ಟ ಕಳೆದಂತೆ.

ಎರಡನೆಯದು. ಮನೆಯ ಕಷ್ಟವನ್ನು ಮುಚ್ಚಿಡಬೇಡಿ, ಆದರೆ ಅದನ್ನು ಮಕ್ಕಳ ತಲೆಗೆ ಕಟ್ಟಬೇಡಿ. ಬೋರು ಬತ್ತಿದ್ದನ್ನು ಹೇಳಿ. ಅದಕ್ಕಾಗಿ ಪಾಠ ಬಿಟ್ಟು ಬಾ ಎನ್ನಬೇಡಿ. ಹಲವು ವಿಶ್ವವಿದ್ಯಾಲಯಗಳಲ್ಲಿ ಹಾಜರಿ ನೂರಕ್ಕೆ 75ಕ್ಕಿಂತ ಕಡಿಮೆಯಾದರೆ ಪರೀಕ್ಷೆಗೆ ಕೂರಿಸುವುದಿಲ್ಲ.

ಮೂರನೆಯದು. ಜಾತಿ, ಆದಾಯದ ಪ್ರಮಾಣಪತ್ರಗಳನ್ನು ಮೊದಲೇ ಮಾಡಿಸಿಡಿ. ವಿದ್ಯಾರ್ಥಿವೇತನದ ಅರ್ಜಿಗೆ ಕೊನೆಯ ದಿನ ಬಂದಾಗ ಓಡಾಡಿದರೆ ಫಲವಿಲ್ಲ.

ನಾಲ್ಕನೆಯದು. ಹಿರಿಯ ವಿದ್ಯಾರ್ಥಿಗಳು ಹೊಸಬರನ್ನು ಪೀಡಿಸುವ ರ‍್ಯಾಗಿಂಗ್ ಅಪರಾಧ. ಇದನ್ನು ತಡೆಯಲು ವಿಶ್ವವಿದ್ಯಾಲಯ ಅನುದಾನ ಆಯೋಗವು 2009ರಲ್ಲಿ ನಿಯಮ ಮಾಡಿದೆ. 1800-180-5522 ಎಂಬ ಸಂಖ್ಯೆಗೆ ಹಣವಿಲ್ಲದೆ ದೂರು ಹೇಳಬಹುದು. 'ಎಲ್ಲರೂ ಪಟ್ಟ ಪಾಡು, ಸಹಿಸಿಕೋ' ಎನ್ನಬೇಡಿ.

ಐದನೆಯದು. ಮಗು ಊಟ ಬಿಟ್ಟಿದೆ, ನಿದ್ದೆ ಇಲ್ಲ, ಫೋನಿನಲ್ಲಿ ಮಾತಿಗೆ ಮಾತು ಬರುವುದಿಲ್ಲ ಎಂದಾದರೆ, ಕೊಯ್ಲನ್ನು ಒಂದು ದಿನ ಮುಂದೂಡಿಯಾದರೂ ಹೋಗಿ ಬನ್ನಿ. ಮನಸ್ಸಿನ ಬೇನೆಗೆ ಸಲಹೆ ಹೇಳುವ ಸರ್ಕಾರದ ಟೆಲಿ ಮಾನಸ್ ಸೇವೆ 2022ರಲ್ಲಿ ಆರಂಭವಾಗಿದೆ, ಸಂಖ್ಯೆ 14416. ಅಲ್ಲಿ ಕನ್ನಡದಲ್ಲಿಯೇ ಮಾತನಾಡಬಹುದು. ಇದರಲ್ಲಿ ನಾಚಿಕೆ ಪಡುವಂಥದ್ದು ಏನೂ ಇಲ್ಲ.

ಕೊನೆಯದಾಗಿ ಹೆಣ್ಣುಮಕ್ಕಳ ವಿಷಯ. ಮಗನಿಗೆ ಅಂಕ ಕಡಿಮೆ ಬಂದರೆ 'ಇನ್ನೊಮ್ಮೆ ಬರಿ' ಎನ್ನುತ್ತೇವೆ. ಮಗಳಿಗೆ ಕಡಿಮೆ ಬಂದರೆ 'ಓದಿದ್ದು ಸಾಕು, ಗಂಡು ನೋಡೋಣ' ಎನ್ನುತ್ತೇವೆ. ಹೀಗೆ ಮೊದಲ ವರ್ಷವೇ ಮನೆಗೆ ಮರಳಿದ ಜಾಣ ಹುಡುಗಿಯರನ್ನು ನಾನು ನನ್ನ ತರಗತಿಯಲ್ಲಿಯೇ ಕಂಡಿದ್ದೇನೆ. ಹಾಜರಿ ಪುಸ್ತಕದಲ್ಲಿ ಅವರ ಹೆಸರಿನ ಮೇಲೆ ಗೆರೆ ಎಳೆದವನೂ ನಾನೇ. ಅದು ಇಂದಿಗೂ ನನ್ನ ಮನಸ್ಸಿನಲ್ಲಿದೆ. ನಮ್ಮ ತಂದೆ ನನಗೆ ಕೊಟ್ಟ ಗಡುವನ್ನು ನಿಮ್ಮ ಮಗಳಿಗೂ ಕೊಡಿ.

ಬರುವ ದಸರೆಗೆ ನಿಮ್ಮ ಮಗನೋ ಮಗಳೋ ಪೆಟ್ಟಿಗೆ ಹೊತ್ತು ಬಂದರೆ, ಮೊದಲು ಊಟಕ್ಕೆ ಹಾಕಿ. ಬೆಳಿಗ್ಗೆ ಹೊಲಕ್ಕೆ ಕರೆದುಕೊಂಡು ಹೋಗಿ. ಅವರು ಹೇಳುವುದನ್ನು ಪೂರ್ತಿ ಕೇಳಿದ ಮೇಲೆ ನಿಮ್ಮ ಮಾತು ಆಡಿ.