ಹಳೆಯ ಹರಿಗೋಲು

ಹಳೆಯ ಮನೆಯನ್ನು ಕೊಳ್ಳುವವನು ತಳಪಾಯವನ್ನು ನೋಡುತ್ತಾನೆ. ಎತ್ತನ್ನು ಕೊಳ್ಳುವವನು ಹಲ್ಲನ್ನು ನೋಡುತ್ತಾನೆ. ಹಳೆಯ ಹರಿಗೋಲನ್ನು ಕೊಳ್ಳುವವನು ಏನನ್ನು ನೋಡಬೇಕು? ರಾಯಚೂರು ಸೀಮೆಯವರಿಗೆ ಈ ಪ್ರಶ್ನೆ ವಿಚಿತ್ರವೆನಿಸಲಾರದು. ಉತ್ತರಕ್ಕೆ ಕೃಷ್ಣೆ, ದಕ್ಷಿಣಕ್ಕೆ ತುಂಗಭದ್ರೆ. ಈ ಎರಡು ನದಿಗಳ ನಡುವೆ ನಮ್ಮ ನೆಲ. ಸೇತುವೆಗಳಿಲ್ಲದ ಕಾಲದಲ್ಲಿ ದೇವದುರ್ಗದ ಕಡೆಯವರು ಕೃಷ್ಣೆಯನ್ನು, ಮಾನ್ವಿಯ ಕಡೆಯವರು ತುಂಗಭದ್ರೆಯನ್ನು ದಾಟಬೇಕಾದರೆ ಅಂಬಿಗನನ್ನೇ ಕೂಗಿ ಕರೆಯಬೇಕಾಗಿತ್ತು. ರಾಯಚೂರು ತಾಲೂಕಿನ ಕುರ್ವಕುರ್ದಾದಂತಹ ನಡುಗಡ್ಡೆಗಳವರಿಗಂತೂ ಹರಿಗೋಲೇ ಹಾದಿಯಾಗಿತ್ತು.

ಹಾಯಿ ಕಟ್ಟಿದ ನಾವೆ ಕಡಲಿನದು. ಬಂಡೆಗಳಿಂದ ತುಂಬಿದ ನಮ್ಮ ನದಿಗಳಿಗೆ ಒಪ್ಪಿದ್ದು, ಬಿದಿರಿನ ಸೀಳುಗಳಿಂದ ಹೆಣೆದು ಹೊರಮೈಗೆ ಚರ್ಮ ಹೊದಿಸಿದ ದುಂಡನೆಯ ಹರಿಗೋಲು. ಬಂಡೆಗೆ ತಾಗಿದರೆ ಹಲಗೆಯ ದೋಣಿ ಬಿರಿಯುತ್ತದೆ. ಹರಿಗೋಲು ಕೊಂಚ ಬಾಗಿ, ಒಂದು ಸುತ್ತು ತಿರುಗಿ, ಪಕ್ಕಕ್ಕೆ ಸರಿದು ಮುಂದೆ ಹೋಗುತ್ತದೆ. ಕೃಷ್ಣದೇವರಾಯನು ರಾಯಚೂರಿನ ಕೋಟೆಯನ್ನು ಗೆದ್ದ 1520ರ ಸುಮಾರಿನಲ್ಲಿ ವಿಜಯನಗರವನ್ನು ಕಂಡ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್ ಈ ದೋಣಿಗಳನ್ನು ಬುಟ್ಟಿಗಳಿಗೆ ಹೋಲಿಸಿದ್ದಾನೆ. ಅವು ಹದಿನೈದು ಇಪ್ಪತ್ತು ಜನರನ್ನು ಹೊರುತ್ತವೆಂದೂ, ನೇರವಾಗಿ ಸಾಗದೆ ಸದಾ ಸುತ್ತುತ್ತಲೇ ಇರುತ್ತವೆಂದೂ ಅವನು ಬರೆದಿದ್ದಾನೆ.

ಬಿದಿರು ಮತ್ತು ಚರ್ಮ, ಈ ಎರಡರಲ್ಲಿ ಹರಿಗೋಲು ಯಾವುದು? ಕೊಳ್ಳುವವನು ಮೊದಲು ಬಗೆಹರಿಸಿಕೊಳ್ಳಬೇಕಾದುದು ಇದನ್ನೇ. ಗ್ರೀಕ್ ಇತಿಹಾಸಕಾರ ಹೆರೊಡೋಟಸ್ ಬ್ಯಾಬಿಲೋನಿನ ನದಿಯಲ್ಲಿಯೂ ಇಂತಹವೇ ದುಂಡು ದೋಣಿಗಳನ್ನು ಬಣ್ಣಿಸಿದ್ದಾನೆ. ಹೊಳೆಯ ಸೆಳೆತಕ್ಕೆ ಎದುರಾಗಿ ಹಿಂದಿರುಗುವುದು ಸಾಧ್ಯವಿಲ್ಲದ ಕಾರಣ, ಅಲ್ಲಿನ ವರ್ತಕರು ಸರಕನ್ನು ಇಳಿಸಿದ ಮೇಲೆ ಹಂದರವನ್ನು ಅಲ್ಲಿಯೇ ಮಾರಿ, ಚರ್ಮವನ್ನು ಮಾತ್ರ ಕತ್ತೆಯ ಮೇಲೆ ಹೇರಿಕೊಂಡು ಊರಿಗೆ ಮರಳುತ್ತಿದ್ದರಂತೆ. ಅವರಿಗೆ ಚರ್ಮವೇ ಬಂಡವಾಳ. ನಮ್ಮಲ್ಲಿ ಲೆಕ್ಕ ಬೇರೆ. ಇಲ್ಲಿನ ಹರಿಗೋಲು ಒಂದೇ ಕಡವಿನಲ್ಲಿ ವರ್ಷವರ್ಷವೂ ದುಡಿಯಬೇಕು. ಹೊದಿಕೆ ಹಳತಾಗುವುದು ಸಹಜ; ಅದನ್ನು ಬದಲಿಸುತ್ತಲೇ ಇರಬೇಕು. ಚರ್ಮದ ಸ್ಥಾನಕ್ಕೆ ಪ್ಲಾಸ್ಟಿಕ್ ಚೀಲ, ತಾಡಪಾಲು, ಡಾಂಬರು ಬಂದ ಮೇಲೆ ಈ ಕೆಲಸ ಇನ್ನೂ ಸುಲಭವಾಗಿದೆ. ಆದುದರಿಂದ ಹೊದಿಕೆ ಹರಿದಿದೆಯೆಂದು ಹರಿಗೋಲನ್ನು ತಳ್ಳಿಹಾಕಬೇಕಾಗಿಲ್ಲ. ಹೊದಿಕೆ ಮಿನುಗುತ್ತಿದೆಯೆಂದು ಒಪ್ಪಲೂಬಾರದು. ಹೊಸ ಡಾಂಬರಿನ ಮರೆಯಲ್ಲಿ ಕೊಳೆತ ಬಿದಿರು ಅಡಗಿರಬಹುದು.

ನೋಡಬೇಕಾದುದು ಒಳಗನ್ನು. ಒಳಗೆ ನುಗ್ಗಿದ ನೀರು ನಿಲ್ಲುವುದು ತಳದ ನಡುವಿನಲ್ಲಿ; ಬಿದಿರು ಮೊದಲು ಮೆತ್ತಗಾಗುವುದೂ ಅಲ್ಲಿಯೇ. ಹೆಬ್ಬೆರಳಿನಿಂದ ಒತ್ತಿದರೆ ಗಟ್ಟಿ ಬಿದಿರು ಮರಳಿ ಪುಟಿಯುತ್ತದೆ, ಸತ್ತ ಬಿದಿರು ತಗ್ಗಾಗಿಯೇ ಉಳಿಯುತ್ತದೆ. ಸೀಳುಗಳ ಸಂದಿನಲ್ಲಿ ಹಿಟ್ಟಿನಂತಹ ಹುಡಿ ಉದುರಿದರೆ ಹುಳು ಹಿಡಿದಿದೆಯೆಂದು ತಿಳಿಯಬೇಕು. ಅಂಚಿನ ಬಳೆ ಸಡಿಲವಾಗಿದ್ದರೆ ಇಡೀ ಹೆಣಿಗೆಯ ಬಿಗಿಯೇ ಹೋಗುತ್ತದೆ. ಒಂದೆರಡು ಸೀಳು ಮುರಿದಿದ್ದರೆ ಹೊಸದನ್ನು ಸೇರಿಸಬಹುದು. ತಳವೂ ಅಂಚೂ ಎರಡೂ ಕೆಟ್ಟಿದ್ದರೆ ದುರಸ್ತಿಯ ಮಾತು ಬಿಟ್ಟು ಹೊಸದನ್ನು ಹೆಣೆಸುವುದೇ ಮೇಲು. ದುರಸ್ತಿಯಾದ ಹರಿಗೋಲಿಗೆ ಮೊದಲು ಮರಳಿನ ಮೂಟೆಗಳನ್ನು ಹೇರಿ, ಮೊಣಕಾಲುದ್ದದ ನೀರಿನಲ್ಲಿ ಅರ್ಧ ದಿನ ನಿಲ್ಲಿಸಿ ನೋಡಬೇಕು. ಮನುಷ್ಯರು ಅದನ್ನು ಏರುವುದು ಆ ಬಳಿಕ.

ಇನ್ನು ಹಣದ ಲೆಕ್ಕ. ಬೇಸಿಗೆಯಲ್ಲಿ ಹೊಳೆ ಬತ್ತಿ, ಹರಿಗೋಲು ದಡದಲ್ಲಿ ಬೋರಲು ಬಿದ್ದಿರುವಾಗ ಮಾರುವವನ ಬಿಗುವು ಇಳಿದಿರುತ್ತದೆ. ಕೊಳ್ಳುವವನಿಗೆ ದುರಸ್ತಿಗೆ ಸಮಯವೂ ಸಿಗುತ್ತದೆ. ಆದರೆ ಹರಿಗೋಲಿನ ಆಯುಷ್ಯದೊಡನೆ ಕಡವಿನ ಆಯುಷ್ಯವನ್ನೂ ಎಣಿಸಬೇಕು. ಸೇತುವೆ ಬಂದ ಊರಿನಲ್ಲಿ ಗಟ್ಟಿಮುಟ್ಟಾದ ಹರಿಗೋಲು ಕೂಡ ಮೀನು ಹಿಡಿಯುವವನಿಗಲ್ಲದೆ ಬೇರೊಬ್ಬರಿಗೆ ಬೇಡ. ಹೊಳೆಯ ನಡತೆಯೂ ಹಿಂದಿನಂತಿಲ್ಲ. ಕೃಷ್ಣೆಗೆ ನಾರಾಯಣಪುರದಲ್ಲಿ, ತುಂಗಭದ್ರೆಗೆ ಹೊಸಪೇಟೆಯ ಬಳಿ ಅಣೆಕಟ್ಟು ಕಟ್ಟಿದ ಮೇಲೆ, ಇಲ್ಲಿ ಮುಗಿಲು ತಿಳಿಯಾಗಿದ್ದರೂ ಮೇಲಿನ ಬಾಗಿಲು ತೆರೆದರೆ ನೀರು ಏರುತ್ತದೆ. 2009ರ ಮತ್ತು 2019ರ ಪ್ರವಾಹಗಳನ್ನು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. 2019ರಲ್ಲಿ ದೇವದುರ್ಗ ತಾಲೂಕಿನ ಹೂವಿನಹೆಡಗಿಯ ಸೇತುವೆಯೇ ಮುಳುಗಿತ್ತು. ಅಂತಹ ದಿನ ಹರಿಗೋಲನ್ನು ದಡದಲ್ಲಿಯೇ ಕಟ್ಟಿಹಾಕುವ ಅಂಬಿಗನೇ ಬಲ್ಲವನು. ಆ ದಿನಗಳ ಗಳಿಕೆಯಿಲ್ಲದೆಯೂ ಹೂಡಿದ ಹಣ ಹುಟ್ಟುವುದಾದರೆ ಮಾತ್ರ ವ್ಯಾಪಾರ ಲಾಭದ್ದು.

ನಮ್ಮದು ದಾಸರ ನೆಲ. ವಿಜಯದಾಸರು ಹುಟ್ಟಿದ ಚೀಕಲಪರವಿ ತುಂಗಭದ್ರೆಯ ದಡದ ಊರು; ಗೋಪಾಲದಾಸರದು ದೇವದುರ್ಗದ ಮೊಸರಕಲ್ಲು; ಜಗನ್ನಾಥದಾಸರು ಬಾಳಿದ್ದು ಮಾನ್ವಿಯಲ್ಲಿ. ದಾಸರೆಲ್ಲರಿಗೂ ಹಿರಿಯರಾದ ಪುರಂದರದಾಸರು ಒಂದು ಪ್ರಸಿದ್ಧ ಕೀರ್ತನೆಯಲ್ಲಿ ಈ ದೇಹವನ್ನೇ ಒಂಬತ್ತು ತೂತುಗಳ ಹರಿಗೋಲೆಂದು ಕಂಡು, ದಾಟಿಸೆಂದು ದೇವರನ್ನು ಬೇಡಿದ್ದಾರೆ. ಆ ತೂತುಗಳನ್ನು ಮುಚ್ಚುವವರಿಲ್ಲ; ಅಲ್ಲಿ ನಂಬಿಕೆಯೊಂದೇ ಗತಿ. ಬಿದಿರಿನ ಹರಿಗೋಲಿಗೆ ಆ ನ್ಯಾಯ ಸಲ್ಲದು. ಅದನ್ನು ಏರುವ ಬಾಣಂತಿಯಾಗಲಿ, ಶಾಲೆಯ ಹುಡುಗನಾಗಲಿ, ಸಂತೆಗೆ ಹೊರಟ ಮುದುಕಿಯಾಗಲಿ ತಳವನ್ನು ಒತ್ತಿ ನೋಡುವುದಿಲ್ಲ. ಅಂಬಿಗ ನೋಡಿರುತ್ತಾನೆಂದು ನಂಬಿ ಕುಳಿತುಕೊಳ್ಳುತ್ತಾರೆ. ಹರಿಗೋಲಿನ ಬೆಲೆಯನ್ನು ಕೊಳ್ಳುವವನು ತೆರುತ್ತಾನೆ. ಅದರ ದೋಷದ ಬೆಲೆಯನ್ನು ಏರಿದವರು ತೆರುತ್ತಾರೆ. ಕೊಳ್ಳುವ ಮುನ್ನ ಮಾಡುವ ಲೆಕ್ಕದಲ್ಲಿ ಈ ಎರಡನೆಯ ಬೆಲೆಗೂ ಒಂದು ಸಾಲು ಇರಬೇಕು.